ಎದ್ದೇಳು, ಮುಖ ತೊಳೆ, ಪುಸ್ತಕ ತೆಗೆ

ಭಾಲ್ಕಿಯಲ್ಲಿ ನಮ್ಮ ತವರುಮನೆಯನ್ನು ಯಾರೂ ಹುಡುಕಬೇಕಾಗಿಲ್ಲ. ಬಸ್ ನಿಲ್ದಾಣದಲ್ಲಿ ಇಳಿದು ವಕೀಲರ ಮನೆ ಎಂದರೆ ಸಾಕು, ಆಟೋದವರು ಮುಂದಿನ ಮಾತು ಕೇಳುವುದಿಲ್ಲ. ನನ್ನ ಮುತ್ತಜ್ಜ ನಿಜಾಮರ ಕಾಲದಲ್ಲಿ ಕಚೇರಿಯ ನಕಲುನವೀಸರು, ಎಂದರೆ ಸರ್ಕಾರಿ ಕಾಗದಗಳನ್ನು ಕೈಬರಹದಲ್ಲಿ ಪ್ರತಿ ಮಾಡುವವರು. ಉರ್ದು, ಮರಾಠಿ, ಕನ್ನಡ ಮೂರನ್ನೂ ಒಂದೇ ಅಂದದಲ್ಲಿ ಬರೆಯುತ್ತಿದ್ದರು. ಅಜ್ಜ ವಕೀಲರು. ತಂದೆ ಹೈಸ್ಕೂಲಿನ ಮುಖ್ಯ ಗುರುಗಳು. ನಾನು ಬೀದರಿನ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಸಿಸ್ಟರ್‌ಗಳು ಉಗುರು, ರಿಬ್ಬನ್ನು, ವಾಕ್ಯದ ಕೊನೆಯ ಪೂರ್ಣವಿರಾಮ ಮೂರನ್ನೂ ದಿನಾಲೂ ಪರೀಕ್ಷಿಸುತ್ತಿದ್ದರು. ನಾಲ್ಕು ತಲೆಮಾರಿನಲ್ಲಿ ನಮ್ಮ ಮನೆಯವರ ಮೇಲೆ ಯಾರೂ ದೂರು ಹೇಳಿದ್ದಿಲ್ಲ.

ಇಷ್ಟನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ನಾನು ಇಂಗ್ಲಿಷ್ ಕಲಿಸುವ ಔರಾದ್ ತಾಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ನಗು ತರಿಸುವ ಸಂಗತಿಗಳಿಗೆ ಎಂದೂ ರಜೆಯಿಲ್ಲ. ಒಂದು ಮುಗಿದು ಹಾಜರಿ ಪುಸ್ತಕ ಮುಚ್ಚುವುದರೊಳಗೆ ಇನ್ನೊಂದು ಬಾಗಿಲಲ್ಲಿ ಬಂದು ನಿಂತಿರುತ್ತದೆ. ಅವುಗಳಿಗೆ ನಾನೂ ನಕ್ಕಿದ್ದೇನೆ. ಆದರೆ ಈ ವರ್ಷ ಹತ್ತನೆಯ ತರಗತಿಯ ಪರೀಕ್ಷೆಗೆ ಮುಂಚೆ ನಮ್ಮ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಒಂದು ಸಾಲು ಬಂತು. ಬರೆದವರು ನಮ್ಮ ಶಾಲೆಯ ಮುಖ್ಯ ಗುರುಗಳು. "ಬೆಳಗಿನ ಜಾವ ಐದಕ್ಕೆ ಪರರ ಗಂಡಂದಿರಿಗೆ ಫೋನ್ ಮಾಡುವ ಮೇಡಂಗಳು ದಯವಿಟ್ಟು ಎಚ್ಚರ ವಹಿಸಬೇಕು."

ನಮ್ಮ ಶಾಲೆಯಲ್ಲಿ ಮೇಡಂ ಎಂದರೆ ನಾನೊಬ್ಬಳೇ. ಆ ಸಾಲಿನ ಕೆಳಗೆ ಹನ್ನೊಂದು ನಗುಮುಖಗಳು ಬಂದು ಕೂತವು. ಮರುದಿನ ಸಂಜೆ ಭಾಲ್ಕಿಯಿಂದ ನನ್ನ ತಮ್ಮನ ಫೋನು. "ಅಕ್ಕಾ, ಔಷಧ ಅಂಗಡ್ಯಾಗ ಒಬ್ಬರು ನಿನ್ನ ಬಗ್ಗೆ ಕೇಳ್ಲಿಕತ್ತಿದ್ರು. ಏನರೆ ನಡದದೇನು?"

ಏನು ನಡೆಯಿತೆಂಬುದನ್ನು ಕ್ರಮವಾಗಿ ಬರೆಯುತ್ತೇನೆ. ಓದಿದವರು ನಗಬಹುದು. ನನ್ನ ಹೆಸರಿಗೆ ಅಂಟಿದ್ದು ಮಾತ್ರ ಹೋಗಬೇಕು.

೧. ಹಂಚಿಕೆ

ಪರೀಕ್ಷೆ ಹತ್ತಿರವಾದಾಗ ನಮ್ಮ ಶಾಲೆಯಲ್ಲಿ ಒಂದು ಪದ್ಧತಿಯಿದೆ. ಓದಿನಲ್ಲಿ ಹಿಂದಿರುವ ಮಕ್ಕಳನ್ನು ಶಿಕ್ಷಕರಿಗೆ ಹತ್ತು ಹತ್ತರಂತೆ ಹಂಚುತ್ತಾರೆ. ಅವರನ್ನು ಬೆಳಗ್ಗೆ ಐದಕ್ಕೆ ಫೋನ್ ಮಾಡಿ ಎಬ್ಬಿಸುವುದು, ಎಲ್ಲ ವಿಷಯ ಓದಿಸುವುದು, ಸಂಜೆ ಮನೆಗೆ ಹೋಗಿ ನೋಡುವುದು, ಹೇಗಾದರೂ ಪಾಸು ಮಾಡಿಸುವುದು ಆ ಶಿಕ್ಷಕರ ಹೊಣೆ.

ಈ ಸಲ ಮಕ್ಕಳ ಹೆಸರು ಬರೆದ ಚೀಟಿಗಳನ್ನು ಬಿಸಿಯೂಟದ ತಟ್ಟೆಯೊಂದರಲ್ಲಿ ಹಾಕಿ ಎತ್ತಿದೆವು. ನಾನು ನನ್ನ ಹತ್ತು ಚೀಟಿ ಬಿಡಿಸಿ, ಹೆಸರುಗಳನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಪಕ್ಕದಲ್ಲಿದ್ದ ಗಣಿತದ ಮೇಷ್ಟ್ರು ನನ್ನ ಪಟ್ಟಿಯೊಳಗೆ ಇಣುಕಿದರು.

"ಮೇಡಂ, ಆ ಡಾಬಕಾದ ಹುಡುಗನ್ನ ನನಗ ಕೊಡ್ರಿ. ಬದ್ಲಿ ನನ್ನವು ಎರಡು ತಗೊಳ್ರಿ."

"ಅವನೇ ಏಕೆ?"

"ಅಂವ ಮಾತಾಡಂಗಿಲ್ರಿ. ಏನ ಕೇಳಿದ್ರೂ 'ಹೂಂ ರೀ' ಅಂತಾನ, ಮುಗೀತು. ನನ್ನ ಪಾಲಿಗೆ ಹತ್ತೂ ಮಾತಾಡೋವೇ ಬಂದಾವ."

"ಸರ್, ಇದು ಶಾಲೆ. ದನದ ಸಂತೆಯಲ್ಲ," ಎಂದೆ.

"ಖರೆ ಅದರಿ," ಎಂದರು ಅವರು. "ಸಂತ್ಯಾಗಾದ್ರ ಮೊದಲ ಹಲ್ಲರೆ ನೋಡ್ಲಿಕ್ಕ ಬಿಡ್ತಾರ."

೨. ನಳದ ನೀರು

ಮೊದಲ ವಾರವೇ ಒಂದು ಮನೆಯಲ್ಲಿ ನನ್ನ ಫೋನಿಗೆ ಎಲ್ಲಿಲ್ಲದ ಮರ್ಯಾದೆ ಸಿಕ್ಕಿತು. ಶಾಲೆಯ ಹಿಂದಿನ ಓಣಿಯ ಹುಡುಗಿ. ಫೋನು ತಾಯಿಯದು. ನಾನು "ಎಬ್ಬಿಸಿ" ಎನ್ನುವ ಮೊದಲೇ ಆ ತಾಯಿ "ಎದ್ದೇವ್ರಿ ಮೇಡಂ, ಎಲ್ಲಾರೂ ಎದ್ದೇವಿ" ಎನ್ನುತ್ತಿದ್ದರು. ಹಿಂದಿನಿಂದ ಕೊಡಗಳ ಸದ್ದು ಕೇಳುತ್ತಿತ್ತು. ಮನೆಮಂದಿಯೆಲ್ಲ ಒಂದು ಮಗುವಿನ ಓದಿಗಾಗಿ ಐದಕ್ಕೇ ಏಳುತ್ತಾರಲ್ಲ ಎಂದು ನನಗೆ ಸಂತೋಷವಾಯಿತು. ಪಾಲಕರ ಸಭೆಯಲ್ಲಿ ಅವರ ಉದಾಹರಣೆ ಕೊಟ್ಟು ಚಪ್ಪಾಳೆ ಹೊಡೆಸಿದೆ.

ಒಂದು ದಿನ ನನಗೆ ಜ್ವರ. ಫೋನ್ ಮಾಡಲಿಲ್ಲ. ಮರುದಿನ ಶಾಲೆಗೆ ಬಂದರೆ ಗೇಟಿನ ಹತ್ತಿರ ನಾಲ್ವರು ಹೆಂಗಸರು ನನಗಾಗಿ ಕಾದು ನಿಂತಿದ್ದರು. ಮುಂದೆ ಆ ಹುಡುಗಿಯ ತಾಯಿ.

"ಮೇಡಂ, ನಿನ್ನಿ ಯಾಕ ಫೋನ್ ಮಾಡ್ಲಿಲ್ಲರಿ? ನಳ ಬಂದು ಹೋಯ್ತು. ನಾಕೂ ಮನ್ಯಾಗ ಹನಿ ನೀರಿಲ್ಲ."

ಆಗ ತಿಳಿಯಿತು. ಓಣಿಗೆ ನೀರು ಬಿಡುವ ಹೊತ್ತೂ ಬೆಳಗಿನ ಐದೇ. ತಾಯಿ ಫೋನನ್ನು ಕಿಟಕಿಯಲ್ಲಿ ಜೋರು ದನಿಗೆ ಇಟ್ಟು ಮಲಗುತ್ತಿದ್ದರು. ಅದು ರಿಂಗಾದರೆ ಅಕ್ಕಪಕ್ಕದ ಮೂರು ಮನೆಯವರೂ ಕೊಡ ಹಿಡಿದು ಓಡುತ್ತಿದ್ದರು.

"ಮಗಳು ಏಳುತ್ತಾಳೋ ಇಲ್ಲವೋ?" ಎಂದು ಕೇಳಿದೆ.

"ಅಕಿ ಎದ್ರ ಎಲ್ಲಾರ ಕಾಲಾಗ ಬರ್ತಾಳ್ರಿ. ನೀರು ತುಂಬೋತನಾ ಮಲಗಿರು ಅಂತ ಹೇಳೇವಿ."

ನಾನು ಏನೋ ಹೇಳಬೇಕೆನ್ನುವಷ್ಟರಲ್ಲಿ ಹಿಂದೆ ನಿಂತಿದ್ದ ಒಬ್ಬರು ಮುಂದೆ ಬಂದು ಮೆಲ್ಲಗೆ ಹೇಳಿದರು. "ಮೇಡಂ, ಸೋಮವಾರದಿಂದ ನೀರು ನಾಕೂವರಿಗೆ ಬಿಡ್ತಾರಂತ. ಪುಸ್ತಕದಾಗ ಬರ್ಕೊಳ್ರಿ."

೩. ಬಸ್ಸು

ನಾನು ಬೀದರಿನಿಂದ ಬಸ್ಸಿನಲ್ಲಿ ಹೋಗಿ ಬರುವವಳು. ನನ್ನ ಹತ್ತು ಮಕ್ಕಳಲ್ಲಿ ಒಬ್ಬಳ ತಂದೆ ಅದೇ ಬಸ್ಸಿನ ಚಾಲಕರು. ಮನೆಯಲ್ಲಿರುವುದು ಒಂದೇ ಫೋನು, ಅದು ಅವರ ಜೇಬಿನಲ್ಲಿ. ಬೆಳಗ್ಗೆ ಐದಕ್ಕೆ ಅವರು ಬೀದರ್ ಡಿಪೋದಲ್ಲಿ, ಮಗಳು ಊರಲ್ಲಿ. ನಾನು ಫೋನ್ ಮಾಡಿದರೆ ಅವರು ಪಕ್ಕದ ಮನೆಯವರಿಗೆ ಮಾಡುತ್ತಿದ್ದರು. ಪಕ್ಕದ ಮನೆಯವರು ಗೋಡೆ ಬಡಿಯುತ್ತಿದ್ದರು. ಮಗಳು ತಿರುಗಿ ಗೋಡೆ ಬಡಿದರೆ ಎದ್ದಳೆಂದು ಲೆಕ್ಕ.

ಆ ಸುದ್ದಿ ನನಗೆ ತಲುಪುವುದು ಬಸ್ಸು ಹತ್ತಿದ ಮೇಲೆ. ಚಾಲಕರು ತಮ್ಮ ಸೀಟಿನಲ್ಲಿ ತಿರುಗಿ ಕೂತು, ತುಂಬಿದ ಬಸ್ಸಿನಲ್ಲಿ ಕೂಗುತ್ತಿದ್ದರು. "ಮೇಡಂ, ಎದ್ದಾಳಂತ್ರಿ."

"ಸಭ್ಯವಾಗಿ, ಹತ್ತಿರ ಬಂದು ಹೇಳಿ," ಎಂದು ಎಷ್ಟೋ ಸಲ ಹೇಳಿದೆ. ಅಷ್ಟರಲ್ಲಿ ಕಾಲ ಮೀರಿತ್ತು. ದಿನಾ ಓಡಾಡುವ ಪ್ರಯಾಣಿಕರಿಗೆ ಆ ಹುಡುಗಿ ಏಳುವುದು ತಮ್ಮದೇ ವಿಷಯವಾಗಿಬಿಟ್ಟಿತ್ತು. ಹಿಂದಿನ ಸೀಟಿನ ತರಕಾರಿಯವಳು ಹತ್ತಿದ ಕೂಡಲೇ "ಇವತ್ತ ಎದ್ದಾಳೇನ್ರಿ?" ಎಂದು ಕೇಳುವಳು. ಪಶು ಆಸ್ಪತ್ರೆಯ ನೌಕರರೊಬ್ಬರು ಹಾಲಿನಲ್ಲಿ ಬಾದಾಮಿ ಹಾಕಿ ಕೊಡಬೇಕೆಂದು ಸಲಹೆ ಕೊಟ್ಟರು.

ಒಂದು ಬೆಳಗ್ಗೆ ಬಸ್ಸು ಹೊರಡುವ ಹೊತ್ತಾದರೂ ಹೊರಡಲಿಲ್ಲ. ಚಾಲಕರು ಫೋನು ಕಿವಿಗಿಟ್ಟು ಕೂತಿದ್ದರು. ಗೋಡೆಯಿಂದ ಉತ್ತರ ಬಂದಿರಲಿಲ್ಲ. ಹೊಸದಾಗಿ ಹತ್ತಿದ ಒಬ್ಬರು ತಡ ಯಾಕೆಂದು ಸಿಟ್ಟಾದರು. ಅವರಿಗೆ ಕಂಡಕ್ಟರು ಟಿಕೆಟ್ ಹರಿಯುತ್ತಲೇ ಉತ್ತರ ಕೊಟ್ಟರು.

"ಕೂಡ್ರಿ ಅಣ್ಣಾರ. ಹುಡುಗಿ ಏಳ್ಲಿ, ಆಮ್ಯಾಲ ರೈಟ್ ಹೇಳ್ತೇನಿ."

೪. ರಮೇಶ

ಸಂಜೆ ಮನೆಗಳಿಗೆ ಹೋಗುವುದೂ ನಮ್ಮ ಕೆಲಸವೆಂದೆನಲ್ಲ. ಔರಾದ್ ಪೇಟೆಯಲ್ಲಿ ಬಟ್ಟೆ ಅಂಗಡಿಯವರ ಮನೆಯ ಹುಡುಗಿ ಒಬ್ಬಳು ನನ್ನ ಪಟ್ಟಿಯಲ್ಲಿದ್ದಳು. ಮನೆಮಾತು ದಖನಿ ಉರ್ದು. ಓದಲು ಕೂತರೆ ಅವಳ ಅಜ್ಜಿ ಎದುರಿಗೆ ಮಂಚದ ಮೇಲೆ ಜಪಮಾಲೆ ಹಿಡಿದು ಕಾವಲು ಕೂಡುತ್ತಿದ್ದರು. ಹುಡುಗಿ ಗಣಿತದಲ್ಲಿ ಹಿಂದೆ. ವಯಸ್ಸಿನ ಲೆಕ್ಕಗಳನ್ನು ಗಟ್ಟಿಯಾಗಿ ಓದಿ ಬಿಡಿಸಬೇಕೆಂದು ನಾನೇ ಹೇಳಿದ್ದೆ.

ಒಂದು ಸಂಜೆ ಅಜ್ಜಿ ನನ್ನನ್ನು ಸನ್ನೆ ಮಾಡಿ ಅಡಿಗೆಮನೆಗೆ ಕರೆದರು. ಬಾಗಿಲು ಅರ್ಧ ಮುಚ್ಚಿದರು. ದನಿ ತಗ್ಗಿಸಿ ಕೇಳಿದರು.

"ಟೀಚರಮ್ಮಾ, ಯೇ ರಮೇಶ್ ಕೋನ್ ಹೈ?"

ನನಗೆ ಅರ್ಥವಾಗಲಿಲ್ಲ. ಯಾವ ರಮೇಶ ಎಂದು ಕೇಳಿದೆ. ಹದಿನೈದು ದಿನದಿಂದ ಮೊಮ್ಮಗಳು ದಿನಾ ಸಂಜೆ ಅವನ ಹೆಸರೇ ಹೇಳುತ್ತಾಳೆ, ಅವನ ವಯಸ್ಸು ಲೆಕ್ಕ ಹಾಕುತ್ತಾಳೆ, ಐದು ವರ್ಷದ ಹಿಂದೆ ಎಷ್ಟಿತ್ತು, ಹತ್ತು ವರ್ಷದ ಮೇಲೆ ಎಷ್ಟಾಗುತ್ತದೆ ಎಂದು ಬರೆದುಕೊಳ್ಳುತ್ತಾಳೆ, ಅವನ ತಂದೆಯ ವಯಸ್ಸನ್ನೂ ವಿಚಾರಿಸಿದ್ದಾಳೆ ಎಂದು ಅಜ್ಜಿ ಒಂದೇ ಉಸಿರಿಗೆ ಹೇಳಿದರು. ಮನೆಯ ಗಂಡಸರಿಗೆ ಇನ್ನೂ ತಿಳಿಸಿಲ್ಲವಂತೆ.

ನಾನು ಗಣಿತದ ಪುಸ್ತಕ ತರಿಸಿ ಪುಟ ತೆಗೆದು ತೋರಿಸಿದೆ. ರಮೇಶ ಪುಸ್ತಕದಲ್ಲಿ ಮಾತ್ರ ಇದ್ದಾನೆ, ಲೆಕ್ಕಕ್ಕಾಗಿ ಹಾಕಿದ ಹೆಸರು ಎಂದು ವಿವರಿಸಿದೆ. ಅಜ್ಜಿ ಕನ್ನಡಕ ಏರಿಸಿ ಆ ಸಾಲನ್ನು ಬಹಳ ಹೊತ್ತು ನೋಡಿದರು. ಕನ್ನಡ ಅವರಿಗೆ ಓದಲು ಬರುವುದಿಲ್ಲ. ಆದರೂ ನೋಡಿದರು.

"ಅಚ್ಛಾ," ಎಂದರು ಕೊನೆಗೆ. "ಕಿತಾಬ್ ಮೇಂಚ್ ರಹ್ನೇ ದೇವ್. ಘರ್ ಕೂ ನಕ್ಕೋ ಆನೇ ಬೋಲೋ."

ಎಂದರೆ, ಪುಸ್ತಕದಲ್ಲಿದ್ದರೆ ಇರಲಿ, ಮನೆಗೆ ಬರುವುದು ಬೇಡವೆಂದು ಅವನಿಗೆ ಹೇಳಿ. ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ.

೫. ಖಟಕ ಚಿಂಚೋಳಿಯ ಗಿರಣಿಯವರು

ಇನ್ನು ಆ ಡಾಬಕಾದ ಹುಡುಗ. ಅವನ ತಂದೆಯ ನಂಬರನ್ನು ಶಾಲೆಯ ದಾಖಲೆಯಿಂದ ತೆಗೆದುಕೊಂಡೆ. ಅಂಕಿಗಳನ್ನು ಎರಡು ಸಲ ತಾಳೆ ನೋಡಿದೆ. ಐದು ಗಂಟೆ ಎರಡು ನಿಮಿಷಕ್ಕೆ ಅವನ ಪಾಳಿ. "ಎದ್ದೇಳು. ಮುಖ ತೊಳೆ. ಪುಸ್ತಕ ತೆಗೆ." ಆ ಕಡೆಯಿಂದ ದಪ್ಪ ದನಿಯಲ್ಲಿ "ಹೂಂ ರೀ" ಎಂದು ಬರುತ್ತಿತ್ತು. ಆ ವಯಸ್ಸಿಗೆ ಹುಡುಗರ ದನಿ ಒಡೆದಿರುತ್ತದೆ, ನಿದ್ದೆಗಣ್ಣು ಬೇರೆ. ಶಾಲೆಯಲ್ಲಿ "ಬೆಳಗ್ಗೆ ಎದ್ದೆಯಾ?" ಎಂದರೆ ಹುಡುಗ "ಹೂಂ ರೀ" ಎನ್ನುತ್ತಿದ್ದ. ಸಂಶಯಪಡಲು ಏನೂ ಇರಲಿಲ್ಲ. ಡಾಬಕಾಕ್ಕೆ ಸಂಜೆ ಬಸ್ಸಿಲ್ಲದ್ದರಿಂದ ಅವನ ಮನೆಗೆ ಮಾತ್ರ ಹೋಗಲಾಗಿರಲಿಲ್ಲ. ನಲವತ್ತು ದಿನ ಹೀಗೆ ಹೋಯಿತು.

ಆಮೇಲೆ ಮುಖ್ಯ ಗುರುಗಳಿಗೆ ನಮ್ಮ ಭಾಲ್ಕಿ ತಾಲೂಕಿನದೇ ಖಟಕ ಚಿಂಚೋಳಿಯಿಂದ ಒಬ್ಬ ಹೆಂಗಸಿನ ಫೋನು ಬಂತು. ನಿಮ್ಮ ಶಾಲೆಯ ಮೇಡಂ ದಿನಾ ಐದಕ್ಕೆ ನನ್ನ ಗಂಡನಿಗೆ ಫೋನ್ ಮಾಡುತ್ತಾರೆ ಎಂದು. ನಂಬರು ಯಾರದೆಂದು ತೋರಿಸುವ ಆ್ಯಪಿನಲ್ಲಿ ನನ್ನ ಹೆಸರೂ ಶಾಲೆಯ ಹೆಸರೂ ಬಂದಿದ್ದವು. ಮುಖ್ಯ ಗುರುಗಳು ನನ್ನನ್ನು ಒಂದು ಮಾತು ಕೇಳಲಿಲ್ಲ. ನೇರವಾಗಿ ಗುಂಪಿನಲ್ಲಿ ಆ ಸಾಲು ಬರೆದರು.

ಮೂರನೆಯ ದಿನ ಆ ಹೆಂಗಸು ಭಾಲ್ಕಿಗೆ ಬಂದು ಬಸ್ಸು ಬದಲಿಸಿ ಶಾಲೆಗೇ ಬಂದರು. ಜೊತೆಗೆ ಅತ್ತೆ. ಅತ್ತೆಯ ಹಿಂದೆ ಗಂಡ. ನಲವತ್ತು ದಾಟಿದ ಮನುಷ್ಯ, ಊರಲ್ಲಿ ಹಿಟ್ಟಿನ ಗಿರಣಿ ಇಟ್ಟವರು. ಮೀಸೆಯಲ್ಲಿ ಇನ್ನೂ ಹಿಟ್ಟಿತ್ತು. ನನ್ನನ್ನು ಮುಖ್ಯ ಗುರುಗಳ ಕೋಣೆಗೆ ಕರೆಸಿದರು.

"ನೀವೇ ಏನ್ರಿ ಆ ಮೇಡಂ?" ಎಂದರು ಹೆಂಗಸು. "ನಿಮ್ಮ ಮನ್ಯಾಗ ಗಂಡ ಇಲ್ಲೇನ್ರಿ?"

"ಇದ್ದಾರೆ. ಐದು ಗಂಟೆಗೆ ಅವರು ಚಹಾ ಮಾಡುತ್ತಿರುತ್ತಾರೆ."

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಹೆಂಗಸು ಮತ್ತೆ ಶುರು ಮಾಡಿದರು.

"ಲಗ್ನಾಗಿ ಹದಿನಾರು ವರ್ಷ ಆಯ್ತ್ರಿ. ನಾ ಒದರಿ ಒದರಿ ಗಂಟಲ ಹರ್ಕೊಂಡ್ರೂ ಎಂಟರ ಮುಂದ ಎದ್ದವರಲ್ಲ. ಈಗ ಐದಕ್ಕ ಫೋನ್ ಬಡ್ಕೊಂಡ್ರ ಸಾಕು, ಚಾದರ ಒದ್ದು ಏಳ್ತಾರ. ಮಾರಿ ತೊಳ್ಕೊಳ್ತಾರ. ತಲಿ ಬಾಚ್ಕೊಳ್ತಾರ. ಕಟ್ಟಿ ಮ್ಯಾಲ ಪುಸ್ತಕ ಹಿಡ್ಕೊಂಡು ಕೂಡ್ತಾರ. ಯಾಕ ಅಂದ್ರ ಮೇಡಂ ಹೇಳ್ಯಾರ ಅಂತಾರ. ಯಾ ಮೇಡಂ ಅಂದ್ರ ಗೊತ್ತಿಲ್ಲ ಅಂತಾರ. ಇದನ್ನ ಹ್ಯಾಂಗ ನಂಬಬೇಕ್ರಿ?"

ನಾನು ಗಿರಣಿಯವರ ಕಡೆ ತಿರುಗಿದೆ. ಅವರು ಆಗಲೇ ಕೈ ಹಿಂದೆ ಕಟ್ಟಿ ನೆಟ್ಟಗೆ ನಿಂತಿದ್ದರು.

"ಮೊದಲ ದಿನವೇ ರಾಂಗ್ ನಂಬರ್ ಎಂದು ಏಕೆ ಹೇಳಲಿಲ್ಲ?"

"ಹೇಳ್ಲಿಕ್ಕ ಹೋದೆರಿ. ಯಾರ್ರಿ ನೀವು ಅಂದೆ. ಎದುರು ಮಾತಾಡಬೇಡ, ಮೊದಲು ಮುಖ ತೊಳೆ ಅಂದ್ರಿ. ತೊಳದೆರಿ. ತೊಳದ ಮ್ಯಾಲ ನಿದ್ದಿ ಹೋಯ್ತು."

"ಎರಡನೆಯ ದಿನ?"

"ವಿಜ್ಞಾನದ ಎರಡನೇ ಪಾಠ ಓದು, ನಾಳೆ ಪ್ರಶ್ನೆ ಕೇಳ್ತೇನೆ ಅಂದ್ರಿ. ಕೇಳಿದ್ರ ಏನ ಹೇಳ್ಲಿ ಅಂತ ಅಣ್ಣನ ಮಗನ ಪುಸ್ತಕ ಇಸ್ಕೊಂಡು ಬಂದೆರಿ."

ನಾನು ಪ್ರತಿ ಫೋನಿನ ವಿವರವನ್ನು ನೋಟುಬುಕ್ಕಿನಲ್ಲಿ ಬರೆದಿಡುತ್ತೇನೆ. ಅದನ್ನು ತಂದು ಎಲ್ಲರ ಮುಂದೆ ಓದಿದೆ. ಸಮಯ, ಪಾಠ, ಹೇಳಿದ ಮಾತು. ಹದಿನೇಳನೆಯ ದಿನಕ್ಕೆ ಬಂದೆ. "ಹುಡುಗ ಕೆಮ್ಮುತ್ತಾನೆ. ಬೀಡಿಯ ಸಂಶಯ. ಇಂದಿನಿಂದ ನಿಲ್ಲಿಸದಿದ್ದರೆ ಅಪ್ಪನಿಗೆ ಹೇಳುವುದಾಗಿ ಎಚ್ಚರಿಸಲಾಯಿತು."

ಹೆಂಗಸು ಗಂಡನ ಕಡೆ ತಿರುಗಿದರು. "ಬೀಡಿ ಬಿಟ್ಟಿದ್ದು ಇವರ ಮಾತಿಗೇನ್ರಿ? ನಾ ಉಪಾಸ ಕುಂತೆ ಅಂತ ಬಿಟ್ಟೇನಿ ಅಂದಿದ್ರಿ."

"ಅಪ್ಪಗ ಹೇಳ್ತೇನಿ ಅಂದ್ರು," ಎಂದರು ಗಿರಣಿಯವರು ನೆಲ ನೋಡುತ್ತ. "ಅಪ್ಪ ಇನ್ನ ಗಟ್ಟಿ ಅದಾನ."

"ಗಟ್ಟಿ ಅದಾರ," ಎಂದರು ಅತ್ತೆ. ಅವರು ಆಡಿದ ಮೊದಲ ಮಾತು ಅದೇ.

ಡಾಬಕಾದ ಹುಡುಗನನ್ನು ಕರೆಸಿದೆ. ನಂಬರು ತೋರಿಸಿದೆ.

"ಇದು ಮೊದಲ ನಮ್ಮ ಅಪ್ಪಂದಿತ್ರಿ," ಎಂದ. "ರೀಚಾರ್ಜ್ ಹಾಕ್ಸಲಿಲ್ಲ ಅಂತ ಬಂದ ಮಾಡಿದ್ರು. ಎರಡು ವರ್ಷ ಆಯ್ತು."

ಅಂದರೆ ಕಂಪನಿಯವರು ಅದೇ ನಂಬರನ್ನು ಗಿರಣಿಯವರಿಗೆ ಕೊಟ್ಟಿದ್ದರು. ದಾಖಲೆಯಲ್ಲಿ ಹಳೆಯದೇ ಉಳಿದಿತ್ತು.

"ಹಾಗಾದರೆ ದಿನಾ ಎದ್ದೆ ಎಂದು ನನಗೆ ಸುಳ್ಳು ಹೇಳಿದೆಯಾ?"

"ಇಲ್ರಿ. ಎಮ್ಮಿ ಹಿಂಡ್ಲಿಕ್ಕ ನಾಕಕ್ಕ ಏಳ್ತೇನ್ರಿ."

"ನನಗೆ ಫೋನ್ ಬರುತ್ತಿಲ್ಲ ಎಂದು ಹೇಳಬೇಕಿತ್ತಲ್ಲ?"

"ಎದ್ದವರಿಗೆ ಯಾಕ ಫೋನ್ ಮಾಡ್ತಾರ ಅಂತ ಸುಮ್ಮನಿದ್ದೆರಿ."

ಮೂರು ವರ್ಷದಲ್ಲಿ ಅವನ ಬಾಯಿಂದ ನಾನು ಇಷ್ಟು ಮಾತು ಕೇಳಿರಲಿಲ್ಲ. ಅವನನ್ನು ತರಗತಿಗೆ ಕಳಿಸಿದೆ. ಗಿರಣಿಯವರು ಇನ್ನೂ ಕೈ ಕಟ್ಟಿಯೇ ನಿಂತಿದ್ದರು. ಓದು ಎಂದು ಹೇಳಿದವಳು ನಾನು. ಕೇಳದೆ ಬಿಡುವುದು ನ್ಯಾಯವಲ್ಲ.

"ಆಮ್ಲ, ಪ್ರತ್ಯಾಮ್ಲ ಎರಡೂ ಸೇರಿದರೆ ಏನಾಗುತ್ತದೆ?"

"ಲವಣ ಮತ್ತು ನೀರು ರೀ."

"ಸರಿ," ಎಂದೆ.

ಹೆಂಗಸು ಸೆರಗು ಸರಿಮಾಡಿಕೊಂಡರು. ಗಂಡನನ್ನು ನೋಡಿದರು, ನನ್ನನ್ನು ನೋಡಿದರು. ದನಿ ಬದಲಾಯಿತು.

"ತಪ್ಪಾಯ್ತ್ರಿ ಮೇಡಂ. ಗೊತ್ತಿಲ್ಲದ ಮಾತಾಡಿದೆ, ಮನಸಿಗೆ ಹಚ್ಕೋಬ್ಯಾಡ್ರಿ. ಈಗ ಒಂದು ಕೆಲಸ ಮಾಡ್ರಿ. ಇವ್ರಿಗೆ ಫೋನ್ ಮಾಡೋದು ಬಿಡಬ್ಯಾಡ್ರಿ. ಗಿರಣಿ ಆರಕ್ಕ ತೆಗಿಲಿಕತ್ತಾರ. ಊರ ಮಂದಿ ಚಲೋ ಅನ್ಲಿಕತ್ತದ."

"ಸಾಧ್ಯವಿಲ್ಲ," ಎಂದೆ. "ನನ್ನ ಪಟ್ಟಿಯಲ್ಲಿ ಹತ್ತು ಜನ. ಅದರಲ್ಲಿ ಇವರ ಹೆಸರಿಲ್ಲ."

ಹೆಂಗಸು ಹುಡುಗ ಹೋದ ಬಾಗಿಲಿನ ಕಡೆ ಕೈ ತೋರಿಸಿದರು.

"ಅಂವ ತಾನ ಏಳ್ತಾನಲ್ರಿ. ಅವನ ಜಾಗಾದಾಗ ಇವ್ರನ್ನ ಹಾಕ್ಕೊಳ್ರಿ."

ನಾನು ನೋಟುಬುಕ್ಕು ಮುಚ್ಚಿದೆ. ಮುಖ್ಯ ಗುರುಗಳು ಮೇಜಿನ ಮೇಲೆ ತಲೆಯಿಟ್ಟು ನಗುತ್ತಿದ್ದರು. ಕಣ್ಣೊರೆಸಿಕೊಂಡು ಚಹಾ ತರಿಸಿದರು. "ಎಲ್ಲಾ ಚಲೋ ಆಯ್ತಲ್ರಿ ಮೇಡಂ, ಇನ್ನ ಬಿಟ್ಟಬಿಡ್ರಿ," ಎಂದರು.

ಚಹಾ ಕುಡಿದೆ. ಬಿಡಲಿಲ್ಲ.

ಬಸ್ಸು ಬದಲಿಸಿ ಬಂದ ಹೆಂಗಸು ನಿಂತ ಕಾಲ ಮೇಲೆ ತಪ್ಪಾಯಿತೆಂದು ಹೇಳಿ ಹೋದರು. ಮುಖ್ಯ ಗುರುಗಳು ಕೂತ ಕುರ್ಚಿಯಿಂದ ಏಳಬೇಕಾಗಿಲ್ಲ, ಫೋನು ಅವರ ಕೈಯಲ್ಲೇ ಇರುತ್ತದೆ. ಹುಡುಗ ಪಾಸಾದ, ನನ್ನ ಹತ್ತೂ ಮಕ್ಕಳು ಪಾಸಾದರು, ಅದಕ್ಕೆ ಗುಂಪಿನಲ್ಲಿ ಅಭಿನಂದನೆಯೂ ಬಂತು. ಆ ಸಾಲು ಮಾತ್ರ ಹಾಗೇ ಇದೆ, ಅದರ ಕೆಳಗಿನ ಹನ್ನೊಂದು ಮುಖಗಳೂ ಇವೆ.

ಮುಖ್ಯ ಗುರುಗಳು ಅದೇ ಗುಂಪಿನಲ್ಲಿ, ಎಲ್ಲರೂ ಓದುವಂತೆ, ನನ್ನ ಹೆಸರು ಬರೆದು ಕ್ಷಮೆ ಕೇಳಬೇಕು.